ಎಳ್ಳಷ್ಟು

ಕೊಲಾಬಾದ ಕಟ್ಟೆಯ ತುದಿಗೆ ತಗಡಿನ ಮಾಡಿನ ಒಂದು ಗೂಡು.
ಒಳಗೆ ಬಾವಿ. ಬಾವಿಯ ಬುಡದಲ್ಲಿ ಬೆರಳು ತೂರುವಷ್ಟು ತೂತು.
ಅರಬ್ಬೀ ಸಮುದ್ರ ಅಷ್ಟರಲ್ಲೇ ಒಳಗೆ ಬರಬೇಕು
ಅಲೆಗಳನ್ನು ಹೊರಗೆ ಬಿಟ್ಟು,
ಗುಡಿಗೆ ಬಂದವರು ಚಪ್ಪಲಿ ಬಿಟ್ಟ ಹಾಗೆ.

ನೀರ ಮೇಲೆ ತಾಮ್ರದ ಬುರುಡೆ, ಬುರುಡೆಗೆ ತಂತಿ,
ತಂತಿಗೆ ರಾಟೆ, ರಾಟೆಗೆ ಲೇಖನಿ,
ಅದರಡಿ ದಿನಕ್ಕೊಂದು ಸುತ್ತು ತಿರುಗುವ ಕಾಗದ.
ಬೆಳಿಗ್ಗೆ ಏಳಕ್ಕೆ ಕೀಲಿ ಕೊಡಲು ಒಬ್ಬ ಮನುಷ್ಯ,
ಮಳೆಗಾಲದಲ್ಲಿ ರಾತ್ರಿಯೂ ಅಲ್ಲೇ:
ವಾಮನ ತಿಂಗಳಾಯ.
ಹೆಸರಲ್ಲೇ ತಿಂಗಳಿದ್ದವನಿಗೆ ಇನ್ನೇನು ಕೆಲಸ ಕೊಟ್ಟಾರು
ಎಂದು ಈಗ ನಗಬಹುದು ನಾನು. ಅವನನ್ನು ಕಂಡವಳಲ್ಲ.

ನನ್ನದು ಅವನ ಕಾಗದಗಳನ್ನು ಕಂಪ್ಯೂಟರಿಗೆ ದಾಟಿಸುವ ಕೆಲಸ.
ಮೂರನೇ ಮಹಡಿ, ಕೆಟ್ಟ ಏಸಿ,
ಎಡಕ್ಕೆ ಹುಳ ತಿಂದ ಕಟ್ಟು, ಬಲಕ್ಕೆ ಸ್ಕ್ಯಾನರು.
ತಾಸಿಗೊಂದು ಅಂಕಿ.
ಮೂವತ್ತೊಂದು ವರ್ಷ ಅವನು ಕೊಟ್ಟ ಕೀಲಿಯನ್ನು
ನಾನು ಎರಡು ಮಳೆಗಾಲದಲ್ಲಿ ಮುಗಿಸಬೇಕೆಂದು ಕರಾರು.

ಕೂಡಿ ಕಳೆದವರು ಹೇಳುತ್ತಾರೆ: ಏರಿದ್ದು ವರ್ಷಕ್ಕೆ ಎಳ್ಳಷ್ಟು.
ಎಳ್ಳಷ್ಟೂ ಇಲ್ಲ ಅನ್ನುತ್ತೇವಲ್ಲ, ಅದೇ ಎಳ್ಳು.
ಸಂಕ್ರಾಂತಿಗೆ ಎದುರು ಖೋಲಿಯ ಬಾಯಿ ಅಂಗೈಗಿಡುವ
ಉಂಡೆಯಿಂದ ಉದುರಿದ್ದು.
ವರ್ಷಕ್ಕೊಂದರಂತೆ ಒಂದರ ಮೇಲೊಂದು
ನೂರು ವರ್ಷ ಪೇರಿಸಿದರೆ ಹೆಚ್ಚೆಂದರೆ ಗೇಣು.
ಮಚ್ಛೀಮಾರ್ ನಗರದ ಹೊಸಿಲೂ
ಒಂದು ಗೇಣು.

ಸಮುದ್ರ ಏರಿತೋ, ಕಟ್ಟೆಯೇ ಕುಸಿಯಿತೋ?
ಅದಕ್ಕೂ ಸಾಕ್ಷಿಯಿದೆ:
ರಸ್ತೆಯಾಚೆ ಕಲ್ಲುಕಟ್ಟಡದ ಮೂರನೇ ಮೆಟ್ಟಿಲಿಗೆ ಹೊಡೆದ ಹಿತ್ತಾಳೆ ಮೊಳೆ.
ಎಲ್ಲ ಎತ್ತರವೂ ಅಲ್ಲಿಂದಲೇ ಎಣಿಕೆ.
ಊಟದ ಹೊತ್ತಲ್ಲಿ ಹುಡುಕಿಕೊಂಡು ಹೋದೆ.
ಅದರ ಮೇಲೆ ವಡಾಪಾವಿನವ ಎಣ್ಣೆಡಬ್ಬ ಇಟ್ಟಿದ್ದ.
ಸ್ವಲ್ಪ ಸರಿಸಿ ಅಂದೆ.
ಏನು ಬಿತ್ತು ತಾಯೀ, ಅಂದ.
ಸೊನ್ನೆ ಎನ್ನಲು ನಾಚಿಕೆಯಾಗಿ
ಒಂದು ವಡಾಪಾವು ಕೊಂಡೆ.

೧೯೭೪, ಜುಲೈ ಹದಿನೆಂಟರ ಕಾಗದ.
ಗೆರೆ ಏರುತ್ತ ಏರುತ್ತ
ನಸುಕಿನ ಎರಡೂ ಹತ್ತಕ್ಕೆ ನಿಂತುಬಿಡುತ್ತದೆ.
ಐದಕ್ಕೆ ಮತ್ತೆ ಹುಟ್ಟುತ್ತದೆ, ಬೇರೊಂದು ಎತ್ತರದಲ್ಲಿ.
ನಡುವಿನ ಬಿಳಿಯಲ್ಲಿ ಸೀಸದಕಡ್ಡಿ, ಕನ್ನಡ;
ಹಗಲು ಹೋಟೆಲಿನ ಲೋಟ ತೊಳೆದ ಬೆರಳು
ಕೋಟೆಯ ರಾತ್ರಿಶಾಲೆಯಲ್ಲಿ ಕಲಿತ ದುಂಡಕ್ಷರ:

‘ಮಸಿ ಒಣಗಿತು. ನಾನು ನಿದ್ದೆ ಹೋಗಿದ್ದೆ.
ನೋಡದ್ದನ್ನು ಬರೆದಿಲ್ಲ. ವಾ. ತಿಂ.’

ಹಿಂದಿನ ರಾತ್ರಿಯದನ್ನು ನೋಡಿ ಗೆರೆ ಕೂಡಿಸಬಹುದಿತ್ತು.
ಯಾರು ಕೇಳುತ್ತಿದ್ದರು?
ಸಮುದ್ರವೇನು ಕಟಕಟೆ ಹತ್ತಿ ಅಲ್ಲವೆನ್ನುತ್ತಿತ್ತೆ?
ಸಂಬಳ ಕಡಿತವಾಯಿತೋ ಇಲ್ಲವೋ, ಆ ಕಟ್ಟು ಇಲ್ಲಿಲ್ಲ.

ಇಲ್ಲದ ಅಂಕಿಗೆ ನಾಲ್ಕು ಒಂಬತ್ತು ಹಾಕಬೇಕು, ನಿಯಮ.
ಹಾಕಿದೆ. ಯಂತ್ರ ಅದನ್ನು ಕಂಡರೆ ಸುಮ್ಮನೆ ದಾಟಿಕೊಳ್ಳುತ್ತದೆ,
ರಸ್ತೆಯ ಹೊಂಡ ಗೊತ್ತಿರುವ ಟಾಂಗಾ ಕುದುರೆ.
ಷರಾ ಎಂಬ ಅಂಕಣದಲ್ಲಿ ಅವನ ಮಾತು ಬೆರಳಚ್ಚಿಸಿದೆ.
ಒಪ್ಪಲಿಲ್ಲ. ಚೌಕ, ಚೌಕ, ಚೌಕ ಎಂದಿತು,
ಇಪ್ಪತ್ತು ಸಣ್ಣ ಖಾಲಿ ಕಿಟಕಿ.

ಅಳಿಸಲು ಮನಸ್ಸಾಗಲಿಲ್ಲ.
ಒಂದೊಂದರ ಹಿಂದೆಯೂ ಅವನು, ಗೋಡೆಗೊರಗಿ, ಬಾಯಿ ತುಸು ತೆರೆದು,
ಪಕ್ಕದಲ್ಲಿ ಆರಿದ ಚಹಾ.
ಆ ಮೂರು ತಾಸು
ನೀರು ಯಾರಿಗೂ ಲೆಕ್ಕ ಒಪ್ಪಿಸದೆ
ಇದ್ದಷ್ಟು ಇದ್ದಿರಬೇಕು.

ಈಗ ಗೂಡಿಗೆ ಬೀಗ. ಕಂಬದಿಂದ ರೇಡಾರು ನೋಡುತ್ತದೆ,
ಮುಟ್ಟದೆ. ಅದಕ್ಕೆ ನಿದ್ದೆಯಿಲ್ಲವಂತೆ.

ಸಂಜೆ ಭರತ ನಾಲ್ಕೂ ಎಂಬತ್ತು ಮೀಟರ್ ಎಂದು ಫೋನಿನಲ್ಲಿತ್ತು.
ಗೋಡೆ ಹಾರಿದ ನೀರು ಬಸ್‌ಸ್ಟಾಪಿನ ತನಕ ಬಂದಿತ್ತು.
ಸಲ್ವಾರು ಎತ್ತಿ ಹಿಡಿದು ದಾಟಿದೆ.
ಎಷ್ಟಿತ್ತೇ ನೀರು, ಮನೆಯಲ್ಲಿ ಕೇಳಿದರು.
ಅಳೆದಿಲ್ಲ, ಅಂದೆ.