ಕೆಳಗೆ ಯಾರಿರುತ್ತಾರೆ

ಮೂವತ್ತೊಂದು ವರ್ಷ ಲಿಫ್ಟುಗಳ ತಂತಿಹಗ್ಗ ಮುಟ್ಟಿ ನೋಡಿದವನು ನಾನು.
ಎಂಟು ಜನ, ಐನೂರ ನಲವತ್ತನಾಲ್ಕು ಕೆ.ಜಿ., 'ಸುರಕ್ಷಿತ',
ಕೆಳಗೆ ನನ್ನ ರುಜು.
ಅಷ್ಟನ್ನು ನಂಬಿ ಬೆಂಗಳೂರು ಹತ್ತಿತು, ಇಳಿಯಿತು.

ಈಗ ಲಿಂಗರಾಜಪುರದ ನನ್ನದೇ ಕಾಂಪೌಂಡಿನಲ್ಲಿ
ಕತ್ತಿಕಾಯಿ ಮರಕ್ಕೆ ತಪಾಸಣೆ.
ಏಪ್ರಿಲ್ ಕೊನೆಯ ಆಲಿಕಲ್ಲು ಮಳೆಗೆ ಐದನೇ ಕ್ರಾಸಿನ ಮರ
ಆಟೋ ಮೇಲೆ ಮಲಗಿದ ಮಾರನೇ ದಿನವೇ
ಎದುರುಮನೆ ಸೆಲ್ವರಾಜ್ ಬಂದು
"ಸಾರ್, ನಿಮ್ದೂ ಸ್ವಲ್ಪ ವಾಲಿದಂಗಿದೆ" ಅಂದಿದ್ದ.
(ವಾಲಿರುವುದು ಅವನ ಗೇಟು. ಇರಲಿ.)

ಫರ್ಹತ್ ಮೇಡಂ ಹೆಲ್ಮೆಟ್ಟನ್ನು ಸ್ಕೂಟರಿನ ಕನ್ನಡಿಗೆ ಸಿಕ್ಕಿಸಿ
ಚೀಲದಿಂದ ಸುತ್ತಿಗೆ ತೆಗೆಯುತ್ತಲೇ ಹೇಳಿದಳು:
"ಕಡೀಬೇಕು ಅಂತ ಬರ್ಕೊಡೋಕೆ ಬಂದಿಲ್ಲ. ನೋಡೋಕೆ ಬಂದಿದೀನಿ."
ಹೇಗೆ ಗೊತ್ತಾಯಿತೋ.
ಆ ಜಾಗದಲ್ಲಿ ಕಾರು ಹಿಡಿಸುತ್ತದೆಂದು
ಟೇಪು ಹಿಡಿದು ಅಳೆದದ್ದು ಹೆಂಡತಿಗೂ ಹೇಳಿರಲಿಲ್ಲ.

ಟಕ್. ಕಿವಿ ಆನಿಸಿ ಒಂದು ಹೆಜ್ಜೆ.
ಟಕ್. ಇನ್ನೊಂದು.
ಉತ್ತರದ ಕಡೆಗೆ ಬಂದಾಗ, ಡೊಬ್.
ಆ ಸದ್ದು ನನಗೆ ಗೊತ್ತು, ಖಾಲಿ ಶಾಫ್ಟಿನದು.
ಒಳಗೊಳಗೇ ಖುಷಿಯಾಯಿತು, ಸುಳ್ಳು ಯಾಕೆ.

"ಪೊಳ್ಳು. ಆದ್ರೆ ಪೊಳ್ಳಾದದ್ದೆಲ್ಲ ಬೀಳಲ್ಲ ಸಾರ್,
ಸುತ್ತ ಎಷ್ಟು ದಪ್ಪ ಉಳಿದಿದೆ ಅನ್ನೋದು ಲೆಕ್ಕ."
ಕೊಡೆಕಡ್ಡಿಯಷ್ಟು ಸಣ್ಣ ಬೈರಿಗೆ ಒಳಹೊಕ್ಕಿತು,
ಕಾಗದದ ಮೇಲೆ ಗೆರೆ ಏರಿ, ತಟ್ಟನೆ ಕುಸಿದು,
ಆಚೆ ಬದಿಯಲ್ಲಿ ಮತ್ತೆ ಏರಿತು.

ಆಮೇಲೆ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು,
"ಈ ಸಿಮೆಂಟು ಯಾರು ಹಾಕ್ಸಿದ್ದು?"
ಸ್ಯಾನಿಟರಿ ಪೈಪಿಗೆ ಅಡ್ಡ ಬಂದ
ತೊಡೆಗಾತ್ರದ ಬೇರು ಕಡಿಸಿ, ಮೇಲೆ ಚೊಕ್ಕಟ ಗಾರೆ;
ಮೇಸ್ತ್ರಿಗೆ ಐವತ್ತು ರೂಪಾಯಿ ಹೆಚ್ಚಿಗೇ ಕೊಟ್ಟಿದ್ದೆ.
"ಹಳೇ ಓನರ್ರು" ಅಂದೆ.
"ನೀವು ಬಂದು?" "ಇಪ್ಪತ್ತೆರಡು ವರ್ಷ."
ಅವಳ ಬೂಟಿನ ತುದಿ, ಮೇಸ್ತ್ರಿ ಹಸಿಗಾರೆಯಲ್ಲಿ ಕಡ್ಡಿಯಿಂದ ಗೀರಿದ
ಎರಡು ಸಾವಿರದ ಒಂಬತ್ತರ ಪಕ್ಕದಲ್ಲಿತ್ತು.
ಏನೂ ಅನ್ನಲಿಲ್ಲ.

"ಕೆಳಗೆ ಯಾರಿರ್ತಾರೆ? ದಿನಕ್ಕೆ ಎಷ್ಟು ಹೊತ್ತು?
ಬಯಲಲ್ಲಿ ಬಿದ್ರೆ ಅದು ಬರೀ ಬಿದ್ದ ಮರ.
ಕೆಳಗೆ ಯಾರಾದ್ರೂ ಇದ್ರೇನೇ ಅಪಾಯ."

ಗೋಡೆಯಾಚೆ ಚೌಡಮ್ಮನ ಇಸ್ತ್ರಿ ಗಾಡಿ, ಎಂಟು ಗಂಟೆ, ಭಾನುವಾರ ಐದು.
ಸ್ಕೂಲ್ ವ್ಯಾನ್ ಕಾಯುವ ನಾಲ್ಕು ಮಕ್ಕಳು, ಹತ್ತು ನಿಮಿಷ,
ಕತ್ತಿಕಾಯಿ ಬಿದ್ದಿದ್ದರೆ ಕಾಲು ಗಂಟೆ, ಯುದ್ಧ.
ಸೆಲ್ವರಾಜನ ಕಾರು, ರಾತ್ರಿಯಿಡೀ.
ಬೈಕಿನ ಮೇಲೇ ನಿದ್ದೆ ಹೋಗುವ ಊಟ ತಲುಪಿಸುವ ಹುಡುಗ.
ಮತ್ತೆ ಪೂರ್ವದ ಕೊಂಬೆಗೇ ಕಟ್ಟಿದ ಜೋಲಿ:
ಚೌಡಮ್ಮನ ಮೊಮ್ಮಗಳು, ಹನ್ನೊಂದರಿಂದ ಎರಡು.

"ನೀವು?"
ಗೇಟಿನಿಂದ ಬಾಗಿಲಿಗೆ ಒಂಬತ್ತು ಹೆಜ್ಜೆ.
"ಸೊನ್ನೆ ಬರೀಲಾ?"
"ಬರ್ಕೊಳ್ಳಮ್ಮ."

ಪೂರ್ವದ ಕೊಂಬೆ ಇಳಿಸಿ. ಸಿಮೆಂಟು ಒಡೆಸಿ, ಬೇರು ಉಸಿರಾಡಲಿ.
ಮಳೆಗಾಲ ಮುಗಿದ ಮೇಲೆ ಮತ್ತೆ ಬರ್ತೀನಿ.
"ಉಳಿದದ್ದು ಸುರಕ್ಷಿತ ಅಂತ ಬರೀತೀರಲ್ಲ?"
"ಆ ಪದ ನಮ್ಮ ಫಾರಂನಲ್ಲೇ ಇಲ್ಲ ಸಾರ್."
ಹೆಲ್ಮೆಟ್ಟಿನೊಳಗೆ ಬಿದ್ದಿದ್ದ ಕೆಂಪು ಎಸಳು ಕೊಡವಿ ಹೊರಟಳು.

ಸಂಜೆ ಆ ಜೋಲಿ ಬಿಚ್ಚಿ ತಂದು
ನಮ್ಮ ಪೋರ್ಟಿಕೋ ಕೊಂಡಿಗೆ ಕಟ್ಟಿದೆ.
ಕೊಂಡಿಯನ್ನು ಮೂರು ಸಲ ಜಗ್ಗಿ ನೋಡಿದೆ,
ನಿಯಮದ ಪ್ರಕಾರ ಮೂರೇ ಸಾಕು.
ಚೌಡಮ್ಮ ಮಗು ಎತ್ತಿಕೊಂಡು ಕಾದಿದ್ದಳು.
ಇನ್ನೊಂದು ಸಲ ಜಗ್ಗಿದೆ.