ಬೆಂಕಿಕಡ್ಡಿ ಪರೀಕ್ಷೆ

ಸುಂಟಿಕೊಪ್ಪ ದಾಟಿದ ಮೇಲೆ ಎಡಗಡೆ ಮೂರನೇ ಅಂಗಡಿ.
ಜೇನು ಮಾರುತ್ತೇನೆ. ಅಂದರೆ,
ಜೇನು ಅಂತ ಚೀಟಿ ಅಂಟಿಸಿದ್ದನ್ನು.

ಟೂರಿಸ್ಟ್ ಬಸ್ಸು ನಿಂತರೆ
ಕಡ್ಡಿ ಅದ್ದಿ ಗೀರುತ್ತೇನೆ, ಭಗ್ಗನೆ ಹತ್ತುತ್ತದೆ.
‘ನೋಡಿ ಸಾರ್, ಅಪ್ಪಟ ಕಾಡಿಂದು.
ಈ ರೇಟು ಇವತ್ತಿಗೆ ಮಾತ್ರ, ಬೇಗ ಹೇಳಿ.’
ಬೆಲ್ಲದ ಪಾಕಕ್ಕೆ ಅದ್ದಿದ ಕಡ್ಡಿಯೂ ಹತ್ತುತ್ತದೆ,
ಗೀರುವವಳ ಕೈ ಪಳಗಿರಬೇಕು ಅಷ್ಟೆ.

ನಿನ್ನೆ ಮಧ್ಯಾಹ್ನ ಫೋನು.
‘ಕುಸುಮಾವತಿ ಮೇಡಮ್ಮಾ? ಬ್ಯಾಂಕಿಂದ.
ಸಂಜೆಗೆ ನಿಮ್ಮ ಖಾತೆ ಬಂದ್.
ಮೊಬೈಲಿಗೆ ಬಂದ ಆರು ಅಂಕಿ, ಬೇಗ ಹೇಳಿ.’

ಮೂರು ಹೇಳಿಯೂ ಆಗಿತ್ತು.
ನಾಲ್ಕನೆಯದು ನಾಲಿಗೆ ತುದಿಗೆ ಬಂದಾಗ
ಆ ‘ಬೇಗ’ ಕೇಳಿಸಿತು.
ನನ್ನದೇ ಬೇಗ.
ಅದೇ ಎಳೆತ, ಅದೇ ಪಾಕ.

‘ನಿಮ್ಮ ಅಂಗಡಿ ಯಾವ ತಿರುವಿನಲ್ಲಿ, ಅಣ್ಣಾ?’
ಅಂದೆ.
ಆ ಕಡೆ ಸ್ವಲ್ಪ ಹೊತ್ತು ಉಸಿರು,
ಆಮೇಲೆ ಅದೂ ಇಲ್ಲ.

ಇವತ್ತು ಬಸ್ಸಿಳಿದ ಒಬ್ಬಾಕೆ
ಬಾಟಲಿಯನ್ನು ಬಿಸಿಲಿಗೆ ಹಿಡಿದು ಕೇಳಿದಳು,
‘ನಿಜವಾದ್ದೇನಮ್ಮಾ?’
ಕಡ್ಡಿಪೆಟ್ಟಿಗೆ ಕೈಯಲ್ಲೇ ಇತ್ತು.

‘ಅವಸರ ಏನಿಲ್ಲ ಅಕ್ಕಾ,
ಯೋಚನೆ ಮಾಡಿ,’ ಅಂದೆ.

ಒಳಗೆ ಧಣಿ ಕೆಮ್ಮಿದರು.