ಹಿಂತಿರುಗಿಸುವ ದಿನಾಂಕ

ನಾಲ್ಕು ಕಂಪ್ಯೂಟರ್ ಬಂದವು ನಮ್ಮ ಸಾಲಿಗೆ,
ಒಂದರ ಮೇಲೆ ಈಗ ಗ್ಲೋಬು ಕೂತಿದೆ.
ಉಳಿದ ಮೂರಕ್ಕೆ ಎಂಟನೇತ್ತೆಯ ಮೂವತ್ತೊಂಬತ್ತು ತಲೆ.
ಬಾಗಲಕೋಟೆ ನವನಗರ. ಇಲ್ಲಿ ಓಣಿಗೆ ಹೆಸರಿಲ್ಲ,
ಸೆಕ್ಟರ್ ನಂಬರು. ಮಕ್ಕಳು ವಿಳಾಸ ಹೇಳಿದರೆ
ಮಗ್ಗಿ ಒಪ್ಪಿಸಿದ ಹಾಗೆ ಕೇಳಿಸುತ್ತದೆ.

ಪರದೆಯ ಮೇಲೊಂದು ಗೆರೆ.
ಎಡಕ್ಕೆ ಹಳೆಯದು, ಬಲಕ್ಕೆ ಹೊಸದು.
ಮೌಸಿನ ಗಾಲಿ ಹಿಂದಕ್ಕೆ ತಿರುವಿದರೆ
ಬಾದಾಮಿಯ ಗುಹೆಯೂ ನಿನ್ನೆಯ ಕಬಡ್ಡಿಯೂ
ಒಂದೇ ಅಂಗುಲದಲ್ಲಿ ಒತ್ತಿ ಕೂರುತ್ತವೆ,
ಮುಂಜಾನೆಯ ಇಳಕಲ್ ಬಸ್ಸಿನ ಮಂದಿಯಂತೆ;
ಮುಂದಕ್ಕೆ ತಿರುವಿದರೆ ಊಟದ ಗಂಟೆಗೂ
ಕೈ ತೊಳೆಯುವ ನಳಕ್ಕೂ ನಡುವೆ
ಒಂದು ಬಯಲೇ ತೆರೆದುಕೊಳ್ಳುತ್ತದೆ.
ಹುಡುಗರು ಇದನ್ನೇ ಆಡುತ್ತ ಅರ್ಧ ಪಿರಿಯಡ್ ಕಳೆದರು.
ನಾನೂ ಸುಮ್ಮನಿದ್ದೆ. ನನಗೂ ಆಡುವ ಆಸೆಯಿತ್ತು.

ಮೆಹರೂನ್ ನದಾಫ ಮಾತ್ರ ಒಂದು ಫೋಟೋ ಹಾಕಿ ಕೂತಿದ್ದಳು:
ಗೋಡೆಗೆ ಒರಗಿಸಿದ ಅಜ್ಜನ ಕಮಾನು,
ಅರಳೆ ಹಿಂಜುವ ಕಮಾನು. ತಂತಿ ಸಡಿಲು.
ಶುರುವಾದ ದಿನಾಂಕ: ಬಿಡಬಹುದು.
ಮುಗಿದ ದಿನಾಂಕ: ಪಕ್ಕದಲ್ಲಿ ಕೆಂಪು ಚಿಕ್ಕೆ,
ತುಂಬದೆ ಮುಂದೆ ಬಿಡದು.

ನನ್ನ ಫೋನಿನಿಂದಲೇ ಅಜ್ಜನಿಗೆ ಹಚ್ಚಿದಳು.
'ತಾರೀಖಾ? ಹಿನ್ನೀರು ಹೊಸ್ತಿಲಕ್ಕ ಬಂದಾಗ ನಿಂತ್ತವ್ವ.
ತಡಿ, ಅದಕೂ ಮೊದಲ, ಫೋಮಿನ ಗಾದಿ ಬಂದ್ವಲ್ಲ, ಆವಾಗ.
ಅಲ್ಲಲ್ಲ, ಎಲ್ಲಿ ನಿಂತ್ತ?
ನಿನ್ನ ತೊಟ್ಟಲದ ಗಾದಿ ಹಿಂಜಿದಾಂವ ಯಾರು ಮತ್ತ?'
ಅವಳು 'ತೊಟ್ಟಿಲು' ಅಂತ ಟೈಪು ಮಾಡಿದಳು.
ದಿನಾಂಕ ಸರಿಯಾಗಿಲ್ಲ, ಅಂದಿತು ಪೆಟ್ಟಿಗೆ.

ನಾನು ಎದ್ದು ಕೆಳಗಿನ ಖಾನೆಯಿಂದ ಒಂದು ಪುಸ್ತಕ ತೆಗೆದೆ.
ಹಳೇ ಊರಿನ ಸಾಲಿಯ ಗುಂಡು ಮುದ್ರೆ,
ಪುಟದ ತಳದಲ್ಲಿ ಚಹಾ ಬಣ್ಣದ ಕಲೆ.
ನೀರೂ ಗೆರೆ ಎಳೆದಿದೆ, ತನ್ನದೇ ಮಟ್ಟಕ್ಕೆ.
ಹಿಂದಿನ ರಟ್ಟಿಗೆ ಅಂಟಿಸಿದ ಚೀಟಿ:
ನೇರಳೆ ಮಸಿಯ ತಾರೀಖು, ಒಂದರ ಬೆನ್ನಿಗೊಂದು,
ಆಮೇಲೆ ಮೂರು ಬೆರಳಿನಷ್ಟು ಖಾಲಿ,
ಆಮೇಲೆ ಬೇರೆ ಮಸಿ.

ಆ ಮೂರು ಬೆರಳಿನೊಳಗೆ
ಬಾಗಿಲ ಚೌಕಟ್ಟು ಕಿತ್ತು ಟ್ರ್ಯಾಕ್ಟರಿಗೆ ಹೇರಿದ್ದಾರೆ.
ನಮ್ಮವ್ವ ಒಲೆಯ ಮೂರು ಕಲ್ಲು ಸೆರಗಿನಲ್ಲಿ ಕಟ್ಟಿಕೊಂಡು
ಹೊಸ ಮನೆಯ ಗ್ಯಾಸಿನ ಕಟ್ಟೆಯ ಕೆಳಗೆ ಇಟ್ಟಿದ್ದಾಳೆ.
ಯಾರೂ ಪುಸ್ತಕ ಒಯ್ದಿಲ್ಲ.
ಒಯ್ದವರು ಕೆಲವರು ತಂದೇ ಇಲ್ಲ:
ರಿಜಿಸ್ಟರಿನಲ್ಲಿ ಇನ್ನೂ ಅವರ ಹೆಸರ ಮುಂದೆ
ನನ್ನ ಹಿಂದಿನವರ ಪೆನ್ಸಿಲ್ಲಿನ ಪ್ರಶ್ನೆಚಿಹ್ನೆ.

ಚೀಟಿಯನ್ನು ಮೆಹರೂನ್ ಬೆರಳಿನಿಂದ ಸವರಿ ನೋಡಿದಳು,
ಖಾಲಿ ಇದ್ದಲ್ಲಿ ತುಸು ಹೆಚ್ಚು ಹೊತ್ತು.
'ಅಕ್ಕೋರ, ಇವತ್ತಿನ ತಾರೀಖ ಹಾಕ್ಲೇನ್ರಿ?'
'ಇವತ್ತು ಮುಗೀತೇನು ಮತ್ತ?'
'ಇಲ್ರಿ. ನಾಳೆ ಬಂದು ನಾಳಿದ್ದು ಹಾಕ್ತೇನಿ.'

ಹಾಗೇ ನಡೆದಿದೆ ಈಗ.
ಸಂಜೆ ಗಂಟೆಗೆ ಮೊದಲು ಓಡಿ ಬರುತ್ತಾಳೆ,
ಚೀಲ ಇಳಿಸದೆಯೇ
ಕಮಾನನ್ನು ಒಂದು ದಿನ ಬಲಕ್ಕೆ ದೂಡುತ್ತಾಳೆ.
ಅದೇ ಹೊತ್ತಿಗೆ ನಾನು ಮುದ್ರೆಯ ಹಲ್ಲುಗಾಲಿ ತಿರುವಿ
ನಾಳೆಗೆ ತಂದಿಡುತ್ತೇನೆ.

ಕರೆಂಟು ಹೋದ ದಿನ, ರವಿವಾರ,
ಅಜ್ಜನ ಕಮಾನು ಹಿಂದೆ ಬೀಳುತ್ತದೆ.
ಸೋಮವಾರ ಎರಡು ಹೆಜ್ಜೆ.